1,850 ರೂಪಾಯಿ ನರ್ಸಿಂಗ್ ಕಿಟ್: ಬಿಪಿ ಮಿಷನ್ ಓಕೆ, ವಾಚು ದಂಡ

ಶಿವಮೊಗ್ಗದಲ್ಲಿ ಬಿಎಸ್ಸಿ ನರ್ಸಿಂಗ್ ಫಸ್ಟ್ ಇಯರ್. ಸೋಮವಾರದಿಂದ ವಾರ್ಡ್ ಪೋಸ್ಟಿಂಗ್ ಅಂತ ಮೇಡಂ ಹೇಳಿದ್ದೇ ತಡ ನಾವು ನಾಲ್ಕು ಜನ ಸರ್ಜಿಕಲ್ ಅಂಗಡಿಗೆ ಓಡಿದ್ವಿ. ಅಂಗಡಿ ಹೆಸರು ಹಾಕಲ್ಲ, ಅಂಕಲ್ ಪಾಪ ಒಳ್ಳೇವ್ರೇ. ಸ್ಟೂಡೆಂಟ್ ಕಿಟ್ ಅಂತ ಒಂದು ಬ್ಯಾಗ್ ಮುಂದೆ ಇಟ್ರು, ಒಳಗೆ ಬಿಪಿ ಮಿಷನ್, ಸ್ಟೆತ್ (ಸ್ಟೆತಾಸ್ಕೋಪ್), ಥರ್ಮಾಮೀಟರ್, ಟಾರ್ಚು, ಕತ್ರಿ, ಎದೆಗೆ ಸಿಕ್ಕಿಸ್ಕೊಳ್ಳೋ ವಾಚು. ಎರಡು ವಾರ ವಾರ್ಡಲ್ಲಿ ಬಳಸಿದ್ಮೇಲೆ ಬರೀತಿದೀನಿ.

ಬಿಪಿ ಮಿಷನ್ ಡಯಲ್ ಇರೋದು, ಪಾದರಸದ್ದಲ್ಲ. ಗಾಳಿ ಬಿಡೋ ಸ್ಕ್ರೂ ಮೊದಮೊದ್ಲು ಬಿಗಿ, ಒಂಚೂರು ಜಾಸ್ತಿ ತಿರುಗಿಸಿದ್ರೆ ಮುಳ್ಳು ದಬಕ್ಕಂತ ಕೆಳಗೆ, ಅದು ಸೆಕೆಂಡಿಗೆ 2-3 ಮಿ.ಮೀ. ಇಳೀಬೇಕು ಇಲ್ಲಾಂದ್ರೆ ಸ್ಟೆತಲ್ಲಿ ಕೇಳೋ ಮೊದಲ್ನೇ ಸೌಂಡ್ ಎಲ್ಲಿ ಬಂತು ಅಂತಾನೇ ಗೊತ್ತಾಗಲ್ಲ. ರೂಮ್‌ಮೇಟ್ ತೋಳು ಕೆಂಪಾಗೋವರೆಗೂ ಪ್ರಾಕ್ಟೀಸ್ ಮಾಡಿ ಈಗ ಕೈ ಕೂತಿದೆ. ಆದ್ರೆ ಕಫ್, ಅಂದ್ರೆ ತೋಳಿಗೆ ಸುತ್ತೋ ಪಟ್ಟಿ, ಒಂದೇ ಸೈಜು. ಅಡಿಕೆ ತೋಟದ ಕೆಲಸದವ್ರೊಬ್ರು, ಒಳ್ಳೇ ದಪ್ಪ ತೋಳು, ನಂದ್ರಲ್ಲಿ 150 ಬಂತು, ನಾನು ಗಾಬರಿ. ಸಿಸ್ಟರ್ ದೊಡ್ಡ ಕಫ್ ಹಾಕಿ ನೋಡಿದ್ರೆ 132! ಕಫ್ ಸಣ್ಣದಾದ್ರೆ ಬಿಪಿ ಜಾಸ್ತಿ ತೋರಿಸುತ್ತೆ ಅಂತ ಓದಿದ್ದು ಆಗ ತಲೆಗೆ ಹೋಯ್ತು.

ಸ್ಟೆತ್ ಮೊದಲ್ನೇ ದಿನ ಏನೂ ಕೇಳಿಸ್ಲಿಲ್ಲ, ಡಬ್ಬಾ ಅಂತ ಬೈಕೊಂಡೆ. ಆಮೇಲೆ ಸೀನಿಯರ್ ಅಕ್ಕ ನೋಡಿದ್ರೆ ನಾನೇ ಉಲ್ಟಾ ಹಾಕಿದ್ದು, ಕಿವಿಗಿಡೋ ತುದಿ ಮೂಗಿನ ಕಡೆ ತಿರುಗಿರ್ಬೇಕಂತೆ. ತಪ್ಪು ನಂದೇ ಬಿಡಿ.

ಆದ್ರೆ ವಾಚು! ಸೆಕೆಂಡ್ ಮುಳ್ಳೇ ಇಲ್ಲ ಮಾರಾಯ್ರೆ. ಪಲ್ಸು, ಉಸಿರು ಎಲ್ಲ ಪೂರ್ತಿ ಒಂದು ನಿಮಿಷ ಎಣಿಸ್ಬೇಕು, ಮುಳ್ಳಿಲ್ದೆ ಏನ್ ಎಣಿಸ್ಲಿ? ವಾಪಸ್ ಕೊಡಕ್ಕೆ ಹೋದ್ರೆ ಕಿಟ್‌ನಲ್ಲಿ ಒಂದೊಂದೇ ಬದಲಾಯ್ಸಲ್ಲ ಅಂದ್ರು. ಕೊನೆಗೆ ಅಪ್ಪನ ಹಳೇ ಎಚ್ಎಂಟಿ ತಂದು ಬೆಲ್ಟ್ ಕಿತ್ತು ಜೇಬಿಗೆ ಪಿನ್ ಹಾಕ್ಕೊಂಡಿದೀನಿ, ಮಣಿಕಟ್ಟಿಗೆ ಕಟ್ಟಿದ್ರೆ ಕೈ ಸರಿಯಾಗಿ ತೊಳೆಯಕ್ಕಾಗಲ್ಲ. ಉಸಿರು ಎಣಿಸ್ತೀನಿ ಅಂತ ಹೇಳಿದ್ರೆ ಪೇಷೆಂಟ್ ಉಸಿರಾಟನೇ ಬದಲಾಗುತ್ತೆ, ಅದಕ್ಕೆ ಪಲ್ಸ್ ನೋಡೋ ಹಾಗೆ ಕೈ ಹಿಡ್ಕೊಂಡೇ ಎದೆ ನೋಡ್ತಿದ್ದೆ, ಹೊಸನಗರ ಕಡೆ ಅಜ್ಜಿ "ಎಷ್ಟೊತ್ತು ಕೈ ಹಿಡ್ಕಂಡು ಕೂತ್ಕತ್ತೀಯೆ ಕೂಸೆ, ಜಾತ್ಕ ಹೇಳ್ತೀಯಾ" ಅಂದ್ರು.

ಅಲ್ಲೇ ಬಿಳಿ ಕ್ಯಾನ್ವಾಸ್ ಶೂನೂ ತಗೊಂಡೆ, ನಮ್ಮ ಮಳೆಗೆ ಅದು ಒಣಗೋದು ದೀಪಾವಳಿಗೇ. ಒರೆಸಕ್ಕೆ ಬರೋ ರೆಕ್ಸಿನ್ ಥರದ್ದು ತಗೊಳ್ಳಿ. ಯೂನಿಫಾರ್ಮ್ ಎರಡು ಜೊತೆ ಬೇಕೇ ಬೇಕು, ಅಮ್ಮ ಬಚ್ಚಲೊಲೆ ಮೇಲೆ ಒಣಗಿಸಿ ಕೊಟ್ಟಿದ್ದಕ್ಕೆ ವಾರ್ಡೆಲ್ಲ ಹೊಗೆ ವಾಸನೆ.

ಟಾರ್ಚ್ ಸೂಪರ್, ಕರೆಂಟ್ ಹೋದಾಗ ಹಾಸ್ಟೆಲಲ್ಲಿ ಅದೇ ಗತಿ.

5ಕ್ಕೆ 3. ಜೂನಿಯರ್ಸ್ ಕಿಟ್ ಬೇಡ, ಬಿಡಿಬಿಡಿಯಾಗಿ ತಗೊಳ್ಳಿ. ಸ್ಟೆತ್ ಅಲ್ಲೇ ಕಿವಿಗೆ ಹಾಕಿ ಅಂಕಲ್ ಎದೆಗೇ ಇಟ್ಟು ಕೇಳಿ ನೋಡಿ, ಬೈಯಲ್ಲ.