ಗೂಗಲ್ ಫೋಟೋಸ್: ಏಳು ವರ್ಷ ಬಳಸಿದ ಮೇಲೆ

ಫೋನಿನ ಫೋಟೋ, ವಿಡಿಯೊಗಳ ಪ್ರತಿಯನ್ನು ಇಂಟರ್ನೆಟ್ಟಿನಲ್ಲಿ ಇಡುವ (ಬ್ಯಾಕಪ್) ಈ ಆ್ಯಪನ್ನು 2018ರಿಂದ ಬಳಸುತ್ತಿದ್ದೇನೆ. ನನ್ನದು, ಆಯಿಯದು (ನಮ್ಮ ಕಡೆ ಅಮ್ಮನಿಗೆ ಹಾಗನ್ನುತ್ತೇವೆ), ಅಪ್ಪನದು ಸೇರಿ ಮೂರು ಆಂಡ್ರಾಯ್ಡ್ ಫೋನು. ಶಿರಸಿ ಹತ್ತಿರದ ಹಳ್ಳಿ ನಮ್ಮದು. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕು ಎರಡೂ ಬಂದರೆ ಬಂತು, ಇಲ್ಲಾಂದ್ರೆ ಇಲ್ಲ. ಪೇಟೆಯಲ್ಲಿ ದಿನವಿಡೀ ವೈಫೈ ಇರುವವರಿಗೆ ನನ್ನ ಅರ್ಧ ತಾಪತ್ರಯ ಅರ್ಥವಾಗಲಿಕ್ಕಿಲ್ಲ.

ಮೊದಲು ನನ್ನ ದಡ್ಡತನ ಹೇಳಿಬಿಡುತ್ತೇನೆ. 2021ರ ಮಳೆಗಾಲದಲ್ಲಿ ಫೋನು ತೋಟದ ಕಾಲುವೆಗೆ ಬಿತ್ತು. ಎಲ್ಲರೂ ಮಾಡುವ ಹಾಗೆ ಎರಡು ದಿನ ಅಕ್ಕಿ ಡಬ್ಬದಲ್ಲಿ ಹುಗಿದಿಟ್ಟೆ. ಏನೂ ಆಗಲಿಲ್ಲ, ರಿಪೇರಿಯವರು ಬೋರ್ಡೇ ಹೋಗಿದೆ ಎಂದರು. ಬ್ಯಾಕಪ್ ಇದೆಯಲ್ಲ ಎಂದು ನಾನು ಆರಾಮಾಗಿದ್ದೆ. ಹೊಸ ಫೋನಿಗೆ ಲಾಗಿನ್ ಆದೆ. ಫೋಟೋಗಳೆಲ್ಲ ಬಂದವು, ತಂಗಿಯ ಮಗನ ತೊಟ್ಟಿಲು ಶಾಸ್ತ್ರದ ವಿಡಿಯೊ ಮಾತ್ರ ಒಂದೂ ಇಲ್ಲ. ಯಾಕೆ ಅಂದರೆ, ಮೊಬೈಲ್ ಡೇಟಾದಲ್ಲಿ ಫೋಟೋ ಹೋಗಲಿ, ವಿಡಿಯೊ ವೈಫೈ ಸಿಕ್ಕಾಗ ಹೋಗಲಿ ಅಂತ ನಾನೇ ಸೆಟ್ಟಿಂಗ್ ಮಾಡಿದ್ದೆ. ಆಗ ಮನೆಯಲ್ಲಿ ವೈಫೈಯೇ ಇರಲಿಲ್ಲ! ತಿಂಗಳುಗಟ್ಟಲೆ ಆ ವಿಡಿಯೊಗಳು ಸರದಿಯಲ್ಲೇ ಕೂತಿದ್ದವು. ಕೊನೆಗೆ ಚಿಕ್ಕಮ್ಮನಿಗೆ ವಾಟ್ಸಾಪಿನಲ್ಲಿ ಕಳಿಸಿದ್ದ ಒಂದು ಮಸುಕು ತುಣುಕು ಸಿಕ್ಕಿತು, ಅದರಲ್ಲಿ ಮಗು ಕಾಣುವುದಕ್ಕಿಂತ ಭಟ್ಟರ ಬೆನ್ನೇ ಜಾಸ್ತಿ ಕಾಣುತ್ತದೆ.

ಅಂದಿನಿಂದ ಒಂದು ರೂಢಿ. ಆ್ಯಪಿನಲ್ಲಿ ಮೇಲೆ ಬಲಗಡೆ ನಮ್ಮ ಮುಖದ ಚಿತ್ರ ಇರುತ್ತಲ್ಲ, ಅದನ್ನು ಒತ್ತಿದರೆ ಬ್ಯಾಕಪ್ ಮುಗಿದಿದೆಯೋ, ಇನ್ನೂ ಎಷ್ಟು ಬಾಕಿ ಇದೆಯೋ ತೋರಿಸುತ್ತದೆ. ವಾರಕ್ಕೊಮ್ಮೆ ನೋಡುತ್ತೇನೆ. ವೈಫೈ ಬರುವ ತನಕ ನಾನು ಮಾಡುತ್ತಿದ್ದದ್ದು ಇನ್ನೊಂದು ಉಪಾಯ: ದಿನಕ್ಕೆ ಒಂದೂವರೆ ಜಿಬಿ ಪ್ಯಾಕಲ್ಲಿ ಎಷ್ಟೋ ಸಲ ಅರ್ಧ ಹಾಗೇ ಉಳಿಯುತ್ತಿತ್ತು, ರಾತ್ರಿ ಹನ್ನೆರಡಕ್ಕೆ ಅದು ಹೇಗೂ ಹೋಗಿಬಿಡುವಂಥದ್ದು, ಹಾಗಾಗಿ ಹನ್ನೊಂದಕ್ಕೆ ವಿಡಿಯೊಗೂ ಡೇಟಾ ಆನ್ ಮಾಡಿ ಫೋನನ್ನು ನೆಟ್‌ವರ್ಕ್ ಸಿಗುವ ಕಿಟಕಿಯ ಮೇಲಿಟ್ಟು ಮಲಗುತ್ತಿದ್ದೆ. ಕೆಲವು ಫೋನುಗಳಲ್ಲಿ ಬ್ಯಾಟರಿ ಸೇವರ್ ಈ ಕೆಲಸವನ್ನು ಮಧ್ಯದಲ್ಲೇ ನಿಲ್ಲಿಸುತ್ತದೆ. ಬ್ಯಾಟರಿ ಸೆಟ್ಟಿಂಗಿಗೆ ಹೋಗಿ ಫೋಟೋಸ್ ಆ್ಯಪಿಗೆ ತಡೆ ತೆಗೆದುಬಿಡಿ.

ದುಡ್ಡಿನ ವಿಷಯ. 2021ರ ಜೂನ್ 1ರವರೆಗೆ ಹೈ ಕ್ವಾಲಿಟಿಯಲ್ಲಿ, ಅಂದರೆ ಸ್ವಲ್ಪ ಕುಗ್ಗಿಸಿ, ಎಷ್ಟು ಬೇಕಾದರೂ ಉಚಿತವಾಗಿ ಹಾಕಬಹುದಿತ್ತು. ಆಗ ಹಾಗೆ ಹಾಕಿದ್ದು ಈಗಲೂ ಲೆಕ್ಕಕ್ಕೆ ಬರುವುದಿಲ್ಲ. ಆಮೇಲಿನದ್ದೆಲ್ಲ ಉಚಿತವಾಗಿ ಸಿಗುವ 15 ಜಿಬಿಯೊಳಗೆ, ಅದೂ ಜಿಮೇಲು, ಡ್ರೈವು ಎಲ್ಲ ಸೇರಿ. ಈಗ ವಾಟ್ಸಾಪ್ ಬ್ಯಾಕಪ್ಪೂ ಅದರಲ್ಲೇ ಜಾಗ ತಿನ್ನುತ್ತದೆ. ಒಂದು ನಿಮಿಷದ 4ಕೆ ವಿಡಿಯೊ ಸುಲಭವಾಗಿ 300 ಎಂಬಿ ದಾಟುತ್ತದೆ, ಹಾಗಾಗಿ 15 ಜಿಬಿ ಎಲ್ಲಿಗೂ ಸಾಲದು. ನಾನು ವರ್ಷಕ್ಕೆ 1,300 ರೂಪಾಯಿ ಕೊಟ್ಟು 100 ಜಿಬಿ ತಗೊಂಡು ಮನೆಯವರ ಜೊತೆ ಹಂಚಿಕೊಂಡಿದ್ದೇನೆ. ಜಾಗ ಮಾತ್ರ ಹಂಚಿಕೆ, ಒಬ್ಬರ ಫೋಟೋ ಇನ್ನೊಬ್ಬರಿಗೆ ಕಾಣುವುದಿಲ್ಲ. ಹೈ ಕ್ವಾಲಿಟಿಗೆ ಈಗಿನ ಹೆಸರು ಸ್ಟೋರೇಜ್ ಸೇವರ್, ಅದರಲ್ಲೇ ಇಟ್ಟಿದ್ದೇನೆ. 16 ಮೆಗಾಪಿಕ್ಸೆಲ್ಲಿಗಿಂತ ದೊಡ್ಡ ಫೋಟೋ ಅಲ್ಲಿಗೆ ಇಳಿಯುತ್ತದೆ, ವಿಡಿಯೊ 1080ಪಿಗೆ. ನನ್ನ ಕಣ್ಣಿಗೇನೂ ವ್ಯತ್ಯಾಸ ಕಾಣಲಿಲ್ಲ. ಮದುವೆ ಫೋಟೋ ತೆಗೆಯುವವರು ಒಪ್ಪಲಿಕ್ಕಿಲ್ಲ ಬಿಡಿ.

ಇನ್ನು ಆಯಿಯ ಪ್ರಕರಣ. ಅವಳ ಫೋನು 32 ಜಿಬಿಯದು, ಸದಾ ತುಂಬಿರುತ್ತಿತ್ತು. ಒಂದು ದಿನ ಫೋಟೋಸ್ ಆ್ಯಪಿನೊಳಗೇ ಕೂತು ಎರಡು ವರ್ಷದ ಚಿತ್ರಗಳನ್ನು ಒಂದೊಂದಾಗಿ ಅಳಿಸಿದ್ದಾಳೆ. ಕೇಳಿದರೆ, "ಮೇಲೆ ಇದ್ದು ಹೇಳಿ ನೀನೇ ಹೇಳಿದ್ಯಲೇ ಕೂಸೆ" ಅಂದಳು. ಮೇಲೆ ಅಂದರೆ ಗೂಗಲಿನಲ್ಲಿ. ತಪ್ಪು ನಂದೇ. ಬ್ಯಾಕಪ್ ಅಂದರೆ ಬೀರುವಿನಲ್ಲಿ ಬೇರೆ ಪ್ರತಿ ಇಟ್ಟ ಹಾಗೆ ಅಂತ ಅವಳಿಗೆ ಹೇಳಿದ್ದೆ. ಆದರೆ ಈ ಆ್ಯಪಿನಲ್ಲಿ ಅಳಿಸಿದರೆ ಫೋನಿಂದಲೂ ಹೋಗುತ್ತದೆ, ಮೇಲಿಂದಲೂ ಹೋಗುತ್ತದೆ. ಬ್ಯಾಕಪ್ ಆದ ಫೋಟೋ ಕಸದ ಬುಟ್ಟಿಯಲ್ಲಿ 60 ದಿನ ಇರುತ್ತದೆ. ದೀಪಾವಳಿಗೆ ಮನೆಗೆ ಹೋದಾಗ ಗೊತ್ತಾದದ್ದರಿಂದ ಬಚಾವ್, ಆಗಿನ್ನೂ ನಲವತ್ತು ದಿನ ಆಗಿತ್ತಷ್ಟೆ, ಎಲ್ಲ ವಾಪಸ್ ಬಂತು. ಫೋನಲ್ಲಿ ಜಾಗ ಮಾತ್ರ ಬೇಕಿದ್ದರೆ ಒತ್ತಬೇಕಾದದ್ದು ಫ್ರೀ ಅಪ್ ಸ್ಪೇಸ್. ಅದು ಬ್ಯಾಕಪ್ ಆದವನ್ನು ಫೋನಿಂದ ಮಾತ್ರ ತೆಗೆಯುತ್ತದೆ.

ಈ ಕಾರಣಕ್ಕೇ ವರ್ಷಕ್ಕೊಮ್ಮೆ ಟೇಕ್‌ಔಟ್ (ಗೂಗಲಿನಲ್ಲಿರುವ ನಮ್ಮದನ್ನು ಇಳಿಸಿಕೊಳ್ಳಲು ಗೂಗಲೇ ಕೊಟ್ಟ ಸೌಲಭ್ಯ) ಮೂಲಕ ಎಲ್ಲವನ್ನೂ ಇಳಿಸಿ ಹಾರ್ಡ್ ಡಿಸ್ಕಿಗೆ ಹಾಕುತ್ತೇನೆ. ಬೇಸರದ ಕೆಲಸ. ಜಿಪ್ ಫೈಲಿನ ಗಾತ್ರ ನಾವೇ ಆರಿಸಬಹುದು, ನೆಟ್ ಕೈಕೊಡುವ ಊರಲ್ಲಿ 2 ಜಿಬಿಯದ್ದೇ ವಾಸಿ. ವಾಟ್ಸಾಪಲ್ಲಿ ಬಂದ ಫೋಟೋದೊಳಗೆ ತೆಗೆದ ದಿನಾಂಕವೇ ಇರುವುದಿಲ್ಲ, ಇಳಿಸಿಕೊಂಡ ಮೇಲೆ ಅವು ಎಲ್ಲೆಲ್ಲೋ ಹೋಗಿ ಕೂರುತ್ತವೆ. ಅಂದ ಹಾಗೆ ವಾಟ್ಸಾಪ್ ಫೋಲ್ಡರಿನ ಬ್ಯಾಕಪ್ ಬೇರೆಯೇ ಆನ್ ಮಾಡಬೇಕು, ಕ್ಯಾಮರಾ ಫೋಟೋ ಹೋದ ಹಾಗೆ ತಾನಾಗಿ ಹೋಗುವುದಿಲ್ಲ.

ಬಿಡಲು ಮನಸ್ಸಾಗದ್ದು ಹುಡುಕಾಟ. ಮಿಕ್ಸಿ ಕೆಟ್ಟಾಗ ವಾರಂಟಿಗೆ ಬಿಲ್ ಬೇಕಿತ್ತು, ಬಿಲ್ಲಿನ ಮೇಲಿನ ಒಂದು ಇಂಗ್ಲಿಷ್ ಪದ ಟೈಪ್ ಮಾಡಿದೆ, ಮೂರು ವರ್ಷ ಹಿಂದೆ ತೆಗೆದ ಫೋಟೋ ಎದುರಿಗೆ ಬಂತು. ಕಾಗದದ ಬಿಲ್ಲಿನಲ್ಲಿ ಅಷ್ಟರಲ್ಲಿ ಶಾಯಿಯೇ ಇರಲಿಲ್ಲ.

ಮುಂದಿನ ವರ್ಷಕ್ಕೂ ದುಡ್ಡು ಕಟ್ಟಿದ್ದೇನೆ. 100ರಲ್ಲಿ 80 ಜಿಬಿ ಆಗಲೇ ತುಂಬಿದೆ. ಅದರಲ್ಲಿ ಆಯಿಯ ಗುಡ್ ಮಾರ್ನಿಂಗ್ ಹೂಗಳ ಪಾಲು ಎಷ್ಟು ಅಂತ ಈ ಭಾನುವಾರ ಅವಳನ್ನೇ ಪಕ್ಕದಲ್ಲಿ ಕೂರಿಸಿಕೊಂಡು ನೋಡಬೇಕು.