ತೋಟಕ್ಕೆ ಅಂತ ಹೊಸ ಡೀಸೆಲ್ ಫೋರ್ ಬೈ ಫೋರ್ ಬುಕ್ ಮಾಡುವ ಮೊದಲು ಇದನ್ನು ಓದಿ

ದಯವಿಟ್ಟು ಪೂರ್ತಿ ಓದಿ. ಹಳೆ ಜೀಪ್ ಕೊಟ್ಟು ಹೊಸ ಡೀಸೆಲ್ ಫೋರ್ ಬೈ ಫೋರ್, ಅಂದರೆ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿ, ತಗೊಳ್ಳೋಣ ಅಂತಿರುವ ತೋಟದವರು ಓದಲೇಬೇಕು. ಕಾಫಿಗೆ ಒಳ್ಳೆ ರೇಟ್ ಬಂತು, ಸಕಲೇಶಪುರ, ಮೂಡಿಗೆರೆ ಕಡೆ ಎಲ್ಲಿ ನೋಡಿದರೂ ಹೊಸ ಗಾಡಿ. ನಾನೂ ತಗೊಂಡೆ. ಆನ್ ರೋಡ್ 18.5 ಲಕ್ಷ. ಏಳು ತಿಂಗಳಾಯ್ತು. ಇಷ್ಟರಲ್ಲಿ ಮೂರು ಸಲ ಸರ್ವಿಸ್ ಸೆಂಟರ್‌ಗೆ ಹೋಗಿದೆ, ಅದರಲ್ಲಿ ಒಂದು ಸಲ ಟೋಯಿಂಗ್ ಗಾಡಿಯ ಬೆನ್ನ ಮೇಲೆ. ಕೊನೆಗೆ ಅವರು ಹೇಳಿದ್ದೇನು ಗೊತ್ತಾ? ನಾನು ಓಡಿಸುವ ರೀತಿ ಸರಿಯಿಲ್ಲವಂತೆ.

ಮೂವತ್ತು ವರ್ಷ ತೋಟದ ರಸ್ತೆಯಲ್ಲಿ ಜೀಪ್ ಓಡಿಸಿದವನಿಗೆ ಈ ಮಾತು.

ನನ್ನ ಹತ್ತಿರ 2004ರ ಜೀಪ್ ಇತ್ತು. ಹೊಗೆ ಬರುತ್ತಿತ್ತು, ಸದ್ದು ಮಾಡುತ್ತಿತ್ತು, ಆದರೆ ಒಂದು ದಿನ ಕೈ ಕೊಟ್ಟಿದ್ದಿಲ್ಲ. ಅಮ್ಮನಿಗೆ ಸೊಂಟ ನೋವು, ಜೀಪಿನಲ್ಲಿ ಕೂರುವುದು ಕಷ್ಟ ಆಗುತ್ತಿತ್ತು. ಅದಕ್ಕೇ ಹೊಸದು ತಗೊಳ್ಳೋಣ ಅಂತ ಶೋರೂಮಿಗೆ ಹೋದೆ. ನನ್ನ ಓಡಾಟ ಎಷ್ಟು ಅಂತ ಸೇಲ್ಸ್ ಹುಡುಗನಿಗೆ ಬಿಡಿಸಿ ಹೇಳಿದೆ. ಮನೆಯಿಂದ ಕಣಕ್ಕೆ, ಕಣದಿಂದ ಆಳುಗಳ ಲೈನ್ ಮನೆಗೆ, ಗೊಬ್ಬರದ ಮೂಟೆ ಹಾಕಿಕೊಂಡು ಗುಡ್ಡದ ಮೇಲಿನ ತೋಟಕ್ಕೆ. ದಿನಕ್ಕೆ ಎಂಟೋ ಹತ್ತೋ ಕಿಲೋಮೀಟರ್, ಅದೂ ಫಸ್ಟ್, ಸೆಕೆಂಡ್ ಗೇರಿನಲ್ಲಿ. ವಾರಕ್ಕೆ ಎರಡು ಸಲ ಪೇಟೆಗೆ, ಏಳು ಕಿಲೋಮೀಟರ್. ಅವನು ಅದನ್ನೆಲ್ಲ ಒಂದು ಫಾರಂನಲ್ಲಿ ಬರೆದುಕೊಂಡ. ಆ ಫಾರಂ ಈಗಲೂ ನನ್ನ ಹತ್ತಿರ ಇದೆ. ‘ತಿಂಗಳ ಓಡಾಟ: 300ರಿಂದ 400’ ಅಂತ ಅವನದೇ ಕೈಬರಹದಲ್ಲಿದೆ.

ಅದೇ ಗಾಡಿ ಪೆಟ್ರೋಲಿನಲ್ಲೂ ಇತ್ತು. ನಾನು ಕೇಳಿದೆ. ಬಾಯಿಬಿಟ್ಟು ಕೇಳಿದೆ, "ನನಗೆ ಯಾವುದು ಸರಿ?" ಅಂತ. ಅವನು ಒಂದು ನಿಮಿಷ ಕೂಡ ಯೋಚನೆ ಮಾಡಲಿಲ್ಲ. "ಸರ್, ತೋಟ ಅಂದ್ರೆ ಡೀಸೆಲ್ಲೇ ಸರ್. ಟಾರ್ಕ್, ಅಂದ್ರೆ ಎಳೆಯೋ ಶಕ್ತಿ ಬೇಕಲ್ವಾ? ಪೆಟ್ರೋಲ್ ಎಲ್ಲ ಬೆಂಗಳೂರಿನವರಿಗೆ" ಅಂದ. ಜೀವನಪೂರ್ತಿ ಡೀಸೆಲ್ ಓಡಿಸಿದ್ದೇನೆ, ಹೌದಲ್ವಾ ಅನಿಸಿತು. ನಂಬಿದೆ.

ಟೆಸ್ಟ್ ಡ್ರೈವ್ ಕೊಟ್ಟಿದ್ದು ಹೈವೇ ಮೇಲೆ. ಮಣ್ಣಿನ ರಸ್ತೆಗೆ ಇಳಿಸೋಣ ಅಂದರೆ "ಡೆಮೋ ಗಾಡಿ ಮಣ್ಣಿಗೆ ಇಳಿಸೋ ಹಾಗಿಲ್ಲ ಸರ್, ಇನ್ಶೂರೆನ್ಸ್ ಪ್ರಾಬ್ಲಂ ಆಗುತ್ತೆ" ಅಂದ. ಫೋರ್ ಬೈ ಫೋರ್ ಗಾಡಿಯನ್ನು ಮಣ್ಣಿಗೆ ಇಳಿಸೋ ಹಾಗಿಲ್ಲ! ಅಲ್ಲೇ ಎದ್ದು ಬರಬೇಕಿತ್ತು. ಬರಲಿಲ್ಲ. ಹಳೆ ಜೀಪಿಗೆ ಹೇಳಿದ ರೇಟ್ ಡೆಲಿವರಿ ದಿನ 40 ಸಾವಿರ ಇಳಿಯಿತು, ಹ್ಯಾಂಡ್ಲಿಂಗ್ ಚಾರ್ಜ್ ಅಂತ ಒಂದು ಸಾಲು ಬಿಲ್ಲಿನಲ್ಲಿ ಸೇರಿಕೊಂಡಿತು. ಪೂಜೆಗೆ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ, ಅವರ ಎದುರು ಜಗಳ ಬೇಡ ಅಂತ ಸುಮ್ಮನಾದೆ. ಅದು ಶೋರೂಮಿನವರಿಗೆ ಚೆನ್ನಾಗಿ ಗೊತ್ತಿರುತ್ತೆ.

ಓಡಿಸುವುದರಲ್ಲೂ ಹೊಸದಾಗಿ ಕಲಿಯಬೇಕಾದದ್ದು ಬಹಳ ಇತ್ತು, ಯಾರೂ ಹೇಳಿಕೊಡಲಿಲ್ಲ. ಮೊದಲ ಮಳೆಗೆ ಕೆಂಪು ಮಣ್ಣಿನ ಏರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಗಾಡಿಗೆ ಉಸಿರೇ ಇಲ್ಲ. ಎಂಜಿನ್ ಕೆಟ್ಟಿತು ಅಂದುಕೊಂಡೆ. ಕೆಟ್ಟಿರಲಿಲ್ಲ. ಚಕ್ರ ಜಾರಿದ ಕೂಡಲೇ ಕಂಪ್ಯೂಟರೇ ಪವರ್ ಕಡಿಮೆ ಮಾಡುತ್ತೆ. ಅಂಥ ಕಡೆ ಒಂದು ಸ್ವಿಚ್ ಒತ್ತಿ ಅದನ್ನು ಆಫ್ ಮಾಡಬೇಕು. ಇನ್ನೊಂದು, ಒಂದು ಚಕ್ರ ಗಾಳಿಯಲ್ಲಿ ತಿರುಗಿದರೆ ಗಾಡಿ ಆ ಚಕ್ರಕ್ಕೆ ಮಾತ್ರ ಬ್ರೇಕ್ ಹಾಕಿ ಇನ್ನೊಂದಕ್ಕೆ ಶಕ್ತಿ ಕಳಿಸುತ್ತೆ. ಕರಕರ ಅಂತ ಸದ್ದು ಬರುತ್ತೆ. ಹಳೆ ಜೀಪಿನವರು ಆ ಸದ್ದಿಗೆ ಹೆದರಿ ಕಾಲು ತೆಗೆಯುತ್ತೇವೆ. ತೆಗೆಯಬಾರದು, ಒಂದೇ ಸಮ ಒತ್ತಿ ಹಿಡಿದರೆ ಮಾತ್ರ ಹತ್ತುತ್ತೆ. ಇದನ್ನು ನಾನು ಎರಡು ಸಲ ಟ್ರ್ಯಾಕ್ಟರ್ ಹಗ್ಗದಲ್ಲಿ ಎಳೆಸಿಕೊಂಡ ಮೇಲೆ ಕಲಿತೆ. ಇವೆಲ್ಲ ರೂಢಿಯಾಗುತ್ತೆ ಬಿಡಿ. ನಿಜವಾದ ಮೋಸ ಬೇರೆ.

ಎರಡನೇ ತಿಂಗಳಿನಿಂದ ಒಂದು ವಿಚಿತ್ರ ನೋಡುತ್ತಿದ್ದೆ. ಕಣದಲ್ಲಿ ಗಾಡಿ ನಿಲ್ಲಿಸಿ ಕೀ ತೆಗೆದರೂ ಮುಂದಿನ ಫ್ಯಾನ್ ಗುಂಯ್ ಅಂತ ಎರಡು ಮೂರು ನಿಮಿಷ ತಿರುಗುತ್ತಿತ್ತು. ಸುಟ್ಟ ಹಾಗೆ ಬಿಸಿ ವಾಸನೆ. ಕೆಲವು ದಿನ ನಿಂತಲ್ಲೇ ಆರ್‌ಪಿಎಂ ಮೇಲೇರಿ ಕೂತಿರುತ್ತಿತ್ತು. ಸೇಲ್ಸ್ ಹುಡುಗನಿಗೆ ವಿಡಿಯೋ ಕಳಿಸಿದೆ. "ನಾರ್ಮಲ್ ಸರ್" ಅಂತ ಉತ್ತರ, ಜೊತೆಗೆ ಒಂದು ಹೆಬ್ಬೆರಳು. ಆಮೇಲೆ ಹಳದಿ ಲೈಟ್ ಬಂತು. ಫೋಟೋ ಕಳಿಸಿದೆ. "ಸೆನ್ಸರ್ ಇರಬಹುದು ಸರ್, ಸುಮ್ನೆ ಓಡಿಸಿ, ತಾನಾಗೇ ಹೋಗುತ್ತೆ" ಅಂದ. ಸುಮ್ನೆ ಓಡಿಸಿದೆ. ಅದೇ ತೋಟದೊಳಗೆ, ಅದೇ ಸೆಕೆಂಡ್ ಗೇರಿನಲ್ಲಿ.

ಅಮ್ಮ, ಅಕ್ಕ, ಭಾವ, ಅವರ ಇಬ್ಬರು ಮಕ್ಕಳ ಜೊತೆ ಕುಕ್ಕೆಗೆ ಹೋಗಿ ಬರುತ್ತಿದ್ದೆವು. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ ಇನ್ನೂ ಎರಡು ಲೈಟ್ ಬಂದವು. ಗಾಡಿ ಸತ್ತ ಹಾಗಾಯ್ತು. ಎಷ್ಟು ಒತ್ತಿದರೂ 20ರ ಮೇಲೆ ಹೋಗುವುದಿಲ್ಲ. ಲಿಂಪ್ ಮೋಡ್ ಅಂತಾರಂತೆ ಅದಕ್ಕೆ. ಹಿಂದೆ ಟ್ಯಾಂಕರ್‌ಗಳು ಸಾಲುಗಟ್ಟಿ ಹಾರ್ನ್ ಹೊಡೆಯುತ್ತಿವೆ. ತಿರುವಿನಲ್ಲಿ ನಿಲ್ಲಿಸಲು ಜಾಗ ಇಲ್ಲ, ಮಳೆ ಬೇರೆ. ಅಮ್ಮ ಕಣ್ಣು ಮುಚ್ಚಿ ದೇವರ ಹೆಸರು ಹೇಳುತ್ತಿದ್ದರು. ಭಾವ ಏನೂ ಅನ್ನಬಾರದು ಅಂತಲೇ ಇದ್ದರು, ಕೊನೆಗೆ ಅಂದೇಬಿಟ್ಟರು: "ಇದಕ್ಕಿಂತ ನಿನ್ನ ಹಳೆ ಜೀಪೇ ವಾಸಿ ಇತ್ತಲ್ಲೋ." ಮಾರನಹಳ್ಳಿ ತಲುಪುವ ಹೊತ್ತಿಗೆ ನನ್ನ ಅಂಗಿ ಬೆವರಿಗೆ ಒದ್ದೆಯಾಗಿತ್ತು. ಅಲ್ಲಿಂದ ಅವರನ್ನೆಲ್ಲ ಆಟೋದಲ್ಲಿ ಕಳಿಸಿದೆ. ಹೊಸ ಗಾಡಿ ತಗೊಂಡು ಮನೆಯವರನ್ನು ಆಟೋದಲ್ಲಿ ಕಳಿಸಿದೆ.

ಈಗ ಆ ಸರ್ವಿಸ್ ಸೆಂಟರ್ ಮಾತು. ಸ್ಕ್ಯಾನರ್ ಹಾಕಿ ನೋಡಿದ ಅಡ್ವೈಸರ್ ಮೊದಲು ಕೇಳಿದ ಪ್ರಶ್ನೆ: "ದಿನಕ್ಕೆ ಎಷ್ಟು ಓಡುತ್ತೆ ಸರ್?" ಎಂಟು ಹತ್ತು ಅಂದೆ. ಅವನು ಪೆನ್ ಕೆಳಗಿಟ್ಟ. "ಅಯ್ಯೋ, ನಿಮಗೆ ಪೆಟ್ರೋಲ್ ಆಗಬೇಕಿತ್ತು ಸರ್. ಇಷ್ಟು ಕಡಿಮೆ ಓಡಿಸೋರು ಡೀಸೆಲ್ ತಗೋಬಾರದು. ಡಿಪಿಎಫ್ ಫಿಲ್ಟರ್ ಕಟ್ಟಿಕೊಳ್ಳುತ್ತೆ."

ಒಂದೇ ಕಟ್ಟಡ. ಒಂದೇ ಕಂಪನಿಯ ಬೋರ್ಡ್. ಮಧ್ಯೆ ಒಂದು ಗಾಜಿನ ಗೋಡೆ ಅಷ್ಟೆ. ಗೋಡೆಯ ಆ ಕಡೆ ಡೀಸೆಲ್ಲೇ ಬೇಕು ಅನ್ನುತ್ತಾರೆ, ಈ ಕಡೆ ಡೀಸೆಲ್ ತಗೋಬಾರದಿತ್ತು ಅನ್ನುತ್ತಾರೆ. ಇಬ್ಬರೂ ಕೇಳಿದ್ದು ಒಂದೇ ಪ್ರಶ್ನೆ, ನಾನು ಕೊಟ್ಟದ್ದು ಒಂದೇ ಉತ್ತರ. ಕಿವಿಯೆಲ್ಲ ಬಿಸಿಯಾಯ್ತು. ಆ ಗಾಜಿನಾಚೆ ಅದೇ ಹುಡುಗ ಇನ್ನೊಂದು ಸಂಸಾರಕ್ಕೆ ದೊಡ್ಡ ಕೀ ಹಿಡಿಸಿ ಫೋಟೋ ತೆಗೆಸುತ್ತಿದ್ದ. ಬಿಳಿ ಪಂಚೆ ಉಟ್ಟ ಯಜಮಾನರು, ನಮ್ಮ ಹಾಗೇ ತೋಟದವರು. ಕಾಲಿನ ಚಪ್ಪಲಿಯಲ್ಲಿ ಕೆಂಪು ಮಣ್ಣು ಹಾಗೇ ಇತ್ತು. ನಾನು ಹೋಗಿ ಒಂದು ಮಾತು ಹೇಳಬೇಕಿತ್ತು. ಅವರ ಖುಷಿ ಕೆಡಿಸುವುದು ಬೇಡ ಅಂತ ನಿಂತುಬಿಟ್ಟೆ. ಅದು ಇವತ್ತಿಗೂ ಮನಸ್ಸು ಕೊರೆಯುತ್ತಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಏನಿದು ಡಿಪಿಎಫ್ ಅಂತ ನಾನು ತಿಳಿದುಕೊಂಡಷ್ಟು ಹೇಳುತ್ತೇನೆ. 2020ರ ಏಪ್ರಿಲ್ 1ರಿಂದ ಗಾಡಿಗಳ ಹೊಗೆಗೆ ಮಿತಿ ಹಾಕುವ ಬಿಎಸ್ 6 ನಿಯಮ ಬಂತಲ್ವಾ, ಆವಾಗಿನಿಂದ ಹೊಸ ಡೀಸೆಲ್ ಕಾರುಗಳ ಸೈಲೆನ್ಸರ್ ದಾರಿಯಲ್ಲಿ ಒಂದು ಫಿಲ್ಟರ್ ಇರುತ್ತೆ. ಹೊಗೆಯ ಮಸಿಯನ್ನು ಅದು ಹಿಡಿದಿಟ್ಟುಕೊಳ್ಳುತ್ತೆ. ತುಂಬುತ್ತಾ ಬಂದ ಹಾಗೆ ಗಾಡಿ ತಾನೇ ಜಾಸ್ತಿ ಡೀಸೆಲ್ ಬಿಟ್ಟು, ಒಳಗೆ ಸುಮಾರು 600 ಡಿಗ್ರಿ ಕಾಯಿಸಿ ಮಸಿ ಸುಡುತ್ತೆ. ಅದು ಪೂರ್ತಿಯಾಗಲು ಒಂದೇ ಸಮ ಓಡಬೇಕು. ನನ್ನ ಗಾಡಿಯ ಮ್ಯಾನ್ಯುಯಲ್ ಪ್ರಕಾರ 60ರ ಮೇಲಿನ ಸ್ಪೀಡಿನಲ್ಲಿ 20 ನಿಮಿಷ. ನಮ್ಮ ತೋಟದಲ್ಲಿ 60ರ ಸ್ಪೀಡ್ ಎಲ್ಲಿಂದ ತರೋಣ? ಪ್ರತಿ ಸಲ ಅದು ಸುಡಲು ಶುರು ಮಾಡಿದಾಗ ನಾನು ಕಣ ತಲುಪಿ ಆಫ್ ಮಾಡುತ್ತಿದ್ದೆ. ಆ ಫ್ಯಾನ್ ಸದ್ದು, ಆ ವಾಸನೆ ಅದೇ. ಅರ್ಧಕ್ಕೆ ನಿಂತು ನಿಂತು ಮಸಿ ಮಿತಿ ಮೀರಿದ ಮೇಲೆ ಗಾಡಿ ತಾನಾಗಿ ಸುಡುವುದನ್ನೇ ಬಿಡುತ್ತೆ. ಆಮೇಲೆ ಘಾಟಿ ಹತ್ತಿಸಿದರೂ ಪ್ರಯೋಜನ ಇಲ್ಲ, ಸರ್ವಿಸ್ ಸೆಂಟರಿನಲ್ಲೇ ಸುಡಿಸಬೇಕು.

ಅದಕ್ಕೆ ಬಿಲ್ 6,800. ವಾರಂಟಿ ಬರಲ್ಲ ಅಂದರು. "ಡ್ರೈವಿಂಗ್ ಪ್ಯಾಟರ್ನ್ ಸರ್" ಅಂತ.

ಒಂದು ತಿಂಗಳ ಮೇಲೆ ಮತ್ತೆ ಲೈಟ್. ಈ ಸಲ ಮೊದಲು ನಮ್ಮ ಹಳೆ ಜೀಪ್ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಬಾನೆಟ್ ಎತ್ತಿ ಆಯಿಲ್ ಕಡ್ಡಿ ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ ತೆಗೆದರು. ಆಯಿಲ್ ಮೇಲಿನ ಗೆರೆ ದಾಟಿ ಬೆರಳಗಲ ಮೇಲಿತ್ತು. ಎಂಜಿನ್ ಆಯಿಲ್ ಕಡಿಮೆ ಆಗುವುದು ನೋಡಿದ್ದೇವೆ, ಜಾಸ್ತಿ ಆಗುವುದು ಎಲ್ಲಾದರೂ ಉಂಟಾ? ಅವರು ಒಂದು ಹನಿ ಬೆರಳ ಮಧ್ಯೆ ತಿಕ್ಕಿ ಮೂಸಿದರು. ನನ್ನ ಮೂಗಿಗೂ ಹಿಡಿದರು. "ಗೌಡ್ರೇ, ಆಯಿಲಲ್ಲಿ ಡೀಸೆಲ್ ಸೇರಿದೆ. ನೀರಾಗಿದೆ ನೋಡಿ. ಇದರಲ್ಲಿ ಓಡಿಸಿದ್ರೆ ಎಂಜಿನ್ ತಿಂದು ಹಾಕುತ್ತೆ." ಮಸಿ ಸುಡಲು ಬಿಟ್ಟ ಹೆಚ್ಚಿನ ಡೀಸೆಲ್ ಪೂರ್ತಿ ಉರಿಯದೆ ಸಿಲಿಂಡರ್ ಗೋಡೆ ಹಿಡಿದು ಕೆಳಗಿಳಿದು ಆಯಿಲಿಗೆ ಸೇರುತ್ತಂತೆ. ಆಯಿಲ್ ಬದಲಿಸಿ ಇನ್ನೂ ಎರಡು ತಿಂಗಳು ತುಂಬಿರಲಿಲ್ಲ.

ಮ್ಯಾನೇಜರ್ ಹತ್ತಿರ ಹೋದೆ. ಫಾರಂ ತೋರಿಸಿದೆ, ವಾಟ್ಸಾಪ್ ತೋರಿಸಿದೆ. ಅವರು ಎಸಿ ರೂಮಿನಲ್ಲಿ ಕೂರಿಸಿ, ಕಾಫಿ ತರಿಸಿ, ನಗುತ್ತಾ ಹೇಳಿದ್ದು ಇಷ್ಟು: "ಎಲ್ಲಾ ಓನರ್ಸ್ ಮ್ಯಾನ್ಯುಯಲ್‌ನಲ್ಲಿ ಇದೆ ಸರ್, ನೀವು ಓದಿಲ್ಲ." ಮ್ಯಾನ್ಯುಯಲ್ ಕೊಡುವುದು ಯಾವಾಗ? ದುಡ್ಡು ಕಟ್ಟಿ, ರಿಜಿಸ್ಟ್ರೇಷನ್ ಆಗಿ, ಕೀ ಕೊಡುವಾಗ. ಅದಕ್ಕೂ ಮೊದಲು ನಾನು ಎಲ್ಲಿಂದ ಓದಲಿ? ಆ ಹುಡುಗ ಹೇಳಬೇಕಿತ್ತಲ್ವಾ ಅಂದರೆ, "ಅವನು ಈಗ ಕೆಲಸ ಬಿಟ್ಟಿದ್ದಾನೆ ಸರ್." ಈಗ ಏನು ಮಾಡಲಿ ಅಂದರೆ, "ವಾರಕ್ಕೊಂದು ಸಲ ಹಾಸನದ ಕಡೆ ಲಾಂಗ್ ಡ್ರೈವ್ ಹೋಗಿಬನ್ನಿ ಸರ್, ಫ್ಯಾಮಿಲಿ ಜೊತೆ." ಕೊಯ್ಲಿನ ಸಮಯದಲ್ಲಿ ಆಳುಗಳನ್ನು ಬಿಟ್ಟು, ಫಿಲ್ಟರ್ ಕ್ಲೀನ್ ಮಾಡಲು ಹಾಸನಕ್ಕೆ ಹೋಗಿ ಬರಬೇಕಂತೆ. ಮಾರಿಬಿಡಿ ಅನ್ನುತ್ತಾರೆ ಕೆಲವರು. ಲೈಫ್ ಟ್ಯಾಕ್ಸೇ 17 ಪರ್ಸೆಂಟ್, ಮೇಲೆ ಸೆಸ್. ಮಾರಿದರೆ ಅದು ವಾಪಸ್ ಬರುತ್ತಾ? ಇನ್ನು ಕೆಲವರು ಡಿಪಿಎಫ್ ತೆಗೆಸಿಬಿಡಿ ಅನ್ನುತ್ತಾರೆ. ಅದು ಕಾನೂನಿಗೆ ವಿರುದ್ಧ, ಇರುವ ವಾರಂಟಿಯೂ ಹೋಗುತ್ತೆ. ಮಾಡಬೇಡಿ.

ಹಾಗೇ ಇನ್ನೊಂದು. ಈ ಗಾಡಿಗೆ ಹೊಗೆಯ ವಿಷ ಕಡಿಮೆ ಮಾಡಲು ಡಿಇಎಫ್ ಅಂತ ಯೂರಿಯಾ ನೀರು ಬೇರೆ ಹಾಕಬೇಕು, ನೀಲಿ ಮುಚ್ಚಳದ ಒಳಗೆ. ಅದು ಪೂರ್ತಿ ಖಾಲಿಯಾದ ಮೇಲೆ ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ತೋಟದ ಲೆಕ್ಕ ಬರೆಯುವ ನಮ್ಮ ರೈಟರು "ಗೋಡೌನಲ್ಲಿ ಯೂರಿಯಾ ಮೂಟೆ ಇದೆಯಲ್ಲ ಸರ್, ಅದನ್ನೇ ಕಲಸಿ ಹಾಕಿದ್ರೆ ಆಗಲ್ವಾ" ಅಂದರು. ಖಂಡಿತ ಬೇಡ. ಗೊಬ್ಬರದ ಯೂರಿಯಾ ಆ ಸಿಸ್ಟಮನ್ನೇ ಹಾಳು ಮಾಡುತ್ತೆ. ಸೀಲ್ ಇರುವ ಕ್ಯಾನ್ ಮಾತ್ರ ತನ್ನಿ. ಅದನ್ನು ಯಾರೂ ಮರೆತು ಡೀಸೆಲ್ ಟ್ಯಾಂಕಿಗೆ ಸುರಿಯದ ಹಾಗೆ ನೋಡಿಕೊಳ್ಳಿ.

ತಗೊಳ್ಳುವವರಿಗೆ ನಾನು ಹೇಳುವುದು ಸ್ವಲ್ಪವೇ. ದಿನವೂ ಹೈವೇ ಓಡಾಟ ಇಲ್ಲದಿದ್ದರೆ ಡೀಸೆಲ್ ಮುಟ್ಟಬೇಡಿ, ಯಾರು ಏನೇ ಹೇಳಲಿ. ಬುಕಿಂಗ್‌ಗೆ ಮೊದಲೇ ಮ್ಯಾನ್ಯುಯಲ್ ಕೇಳಿ, ಡಿಪಿಎಫ್ ಪುಟ ಓದಿ. ನಿಮ್ಮ ಓಡಾಟ ಬರೆದು "ಇದಕ್ಕೆ ಡೀಸೆಲ್ ಸರಿಯಾ?" ಅಂತ ಇಮೇಲ್ ಹಾಕಿ, ಉತ್ತರ ಬರಹದಲ್ಲಿ ತಗೊಳ್ಳಿ. ಸೇಲ್ಸ್ ಹುಡುಗನನ್ನು ಬಿಟ್ಟು ನೇರ ಸರ್ವಿಸ್ ಕೌಂಟರಿಗೆ ಹೋಗಿ ಕೇಳಿ, ಅಲ್ಲಿ ನಿಜ ಹೇಳುತ್ತಾರೆ. ಡೆಮೋ ಗಾಡಿಯನ್ನು ತೋಟಕ್ಕೆ ತರಲ್ಲ ಅಂದರೆ ಎದ್ದು ಬನ್ನಿ. ಈಗಾಗಲೇ ತಗೊಂಡವರು ಫ್ಯಾನ್ ಜೋರಾಗಿ ತಿರುಗುತ್ತಿದ್ದರೆ ಆಫ್ ಮಾಡದೆ ರಸ್ತೆಗೆ ಹೋಗಿ ಓಡಿಸಿ ಬನ್ನಿ. ಹದಿನೈದು ದಿನಕ್ಕೊಮ್ಮೆ ಆಯಿಲ್ ಕಡ್ಡಿ ಎಳೆದು ಮೂಸಿ ನೋಡಿ.

ನಾನು ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹಾಕಲು ಎರಡು ವರ್ಷ ಟೈಮ್ ಇದೆ ಅಂತ ವಕೀಲರು ಹೇಳಿದ್ದಾರೆ, ಅಷ್ಟು ದಿನ ಕಾಯುವುದಿಲ್ಲ. ಕೇಸ್ ಹಾಕುವುದಿದೆ, ಅದಕ್ಕೇ ಶೋರೂಮಿನ ಹೆಸರು ಇಲ್ಲಿ ಹಾಕಿಲ್ಲ. ಮ್ಯಾನೇಜರಿಗೆ ಒಂದೇ ಪ್ರಶ್ನೆ ಬರೆದು ಕಳಿಸಿದ್ದೆ: ತಿಂಗಳಿಗೆ 300ರಿಂದ 400 ಅಂತ ನಿಮ್ಮ ಫಾರಂನಲ್ಲೇ ಬರೆದಿದ್ದರೂ ಡೀಸೆಲ್ ಯಾಕೆ ಕೊಟ್ಟಿರಿ? ಹತ್ತೊಂಬತ್ತು ದಿನವಾಯ್ತು. ನಿನ್ನೆ ಶೋರೂಮಿನಿಂದ ಫೋನ್ ಬಂತು, ಉತ್ತರ ಅಂದುಕೊಂಡು ಎತ್ತಿದೆ. ಎಕ್ಸ್‌ಟೆಂಡೆಡ್ ವಾರಂಟಿ ತಗೊಳ್ತೀರಾ ಸರ್ ಅಂತ ಕೇಳಿದರು.