ಐದು ದಿನದಲ್ಲಿ ಭಯ ಬಿಡಿಸುತ್ತೇವೆ ಅನ್ನುವವರ ಕೈಗೆ ಮಗುವನ್ನು ಕೊಡಬೇಡಿ

ನನ್ನ ಮಗಳಿಗೆ 12 ವರ್ಷ. ಮೊದಲಿನಿಂದಲೂ ಮಾತು ಕಡಿಮೆ. ಹೋದ ವರ್ಷ ಶಾಲೆಗೆ ಹೊರಡುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು ಶುರುವಾಯಿತು. ರಜೆ ದಿನ ನೋವೂ ಇಲ್ಲ, ಏನೂ ಇಲ್ಲ. ಹೊಟ್ಟೆಯಲ್ಲಿ ತೊಂದರೆ ಏನಿಲ್ಲ ಎಂದು ಡಾಕ್ಟರ್ ಹೇಳಿದಾಗ, ಸುಮ್ನೆ ನಾಟಕ ಅಂದುಕೊಂಡೆ. ಮಕ್ಕಳ ಆತಂಕ ಎಷ್ಟೋ ಸಲ ಹೊಟ್ಟೆನೋವು, ತಲೆನೋವಾಗಿಯೇ ಹೊರಗೆ ಬರುತ್ತದೆ, ಆ ನೋವು ನಿಜವಾದದ್ದೇ ಅಂತ ಗೊತ್ತಾಗಿದ್ದು ಬಹಳ ತಡವಾಗಿ.

ಅಷ್ಟರಲ್ಲಿ ಒಂದು ಜಾಹೀರಾತು ಕಣ್ಣಿಗೆ ಬಿತ್ತು. ಐದು ದಿನದ ಶಿಬಿರ, ಭಯ ಮತ್ತು ಕೀಳರಿಮೆ ಮಾಯ, ಗ್ಯಾರಂಟಿ. ನಾನು ಆಗಲೇ ಸೋತಿದ್ದೆ. ಹಣ ಕಟ್ಟಿದೆ.

ಅವಳಿಗೆ ಏನಾಗುತ್ತಿದೆ, ಯಾವಾಗಿನಿಂದ, ನಿದ್ದೆ ಬರುತ್ತಾ, ಶಾಲೆಯಲ್ಲಿ ಯಾರಾದರೂ ಕಾಡುತ್ತಿದ್ದಾರಾ? ಒಂದನ್ನೂ ಅವರು ಕೇಳಲಿಲ್ಲ. ಹೆತ್ತವರು ಒಳಗೆ ಬರುವಂತಿಲ್ಲ, 'ನೀವಿದ್ದರೆ ಮಗು ನಿಮ್ಮ ಹಿಂದೆ ಅಡಗುತ್ತದೆ' ಅಂದರು. ಮಾತು ನಿಜವೇ ಆಗಿತ್ತು, ಅದಕ್ಕೇ ಒಪ್ಪಿಕೊಂಡೆ.

ಎರಡನೇ ದಿನ ಅವಳನ್ನು ವೇದಿಕೆ ಹತ್ತಿಸಿ ಕೈಗೆ ಮೈಕ್ ಕೊಟ್ಟರು. ನಿನ್ನ ಕೊರತೆಗಳನ್ನು ಎಲ್ಲರ ಮುಂದೆ ಹೇಳು ಅಂದರು. ಕೆಳಗೆ ಕೂತ ಮಕ್ಕಳಿಂದ 'ಜೋರಾಗಿ, ಜೋರಾಗಿ' ಎಂದು ಕೂಗಿಸಿದರು. ಅವಳಿಗೆ ಉಸಿರು ಕಟ್ಟಿತು, ಕೈಕಾಲು ನಡುಗಿತು, ಅಳು ಬಂತು. ಆಗ ಕೆಳಗೆ ಇಳಿಸಿ ಚಪ್ಪಾಳೆ ಹೊಡೆಸಿದರು. ನನ್ನ ಫೋನಿಗೆ ಬಂದಿದ್ದು ನಗುವ ಫೋಟೊಗಳು ಮಾತ್ರ. ಇದನ್ನೆಲ್ಲ ಅವಳು ಹೇಳಿದ್ದು ಮೂರು ವಾರದ ಮೇಲೆ, ಶಾಲೆಗೆ ಹೋಗುವುದನ್ನೇ ನಿಲ್ಲಿಸಿದಾಗ.

ಇನ್ನು ಯಾರ ಹತ್ತಿರವೂ ಬರಲ್ಲ ಎಂದು ಹಠ ಹಿಡಿದಳು. ತಪ್ಪೇನಿದೆ? ಮಕ್ಕಳ ಸೈಕಾಲಜಿಸ್ಟ್ ಹತ್ತಿರ ನಾನೊಬ್ಬಳೇ ಹೋದೆ. ಅದೂ ಆಗುತ್ತದೆ, ನಿಮಗೆ ಗೊತ್ತಿರಲಿ. ಮಗುವಿನ ಆತಂಕಕ್ಕೆ ಹೇಗೆ ಸ್ಪಂದಿಸಬೇಕು ಎಂದು ಹೆತ್ತವರಿಗೇ ಕಲಿಸುವ 'ಸ್ಪೇಸ್' ಎಂಬ ವಿಧಾನವನ್ನು ಯೇಲ್ ವಿಶ್ವವಿದ್ಯಾಲಯದ ಎಲಿ ಲೆಬೊವಿಟ್ಸ್ ರೂಪಿಸಿದ್ದಾರೆ. 2020ರ ಅಧ್ಯಯನವೊಂದರಲ್ಲಿ 124 ಮಕ್ಕಳನ್ನು ಎರಡು ಗುಂಪು ಮಾಡಿ ನೋಡಿದಾಗ, ಮಕ್ಕಳಿಗೇ ಕೊಡುವ ಸಿಬಿಟಿಯಷ್ಟೇ (ಯೋಚನೆ, ನಡವಳಿಕೆ ಬದಲಿಸಲು ಕಲಿಸುವ ಮಾತಿನ ಚಿಕಿತ್ಸೆ) ಇದೂ ಕೆಲಸ ಮಾಡಿತ್ತು.

ಭಯವನ್ನು ಎದುರಿಸಬೇಕು ಅನ್ನುವುದು ಸುಳ್ಳಲ್ಲ. ತಪ್ಪಿಸಿಕೊಂಡಷ್ಟೂ ಭಯ ಬಲಿಯುತ್ತದೆ. ಆದರೆ ಎದುರಿಸುವುದು ಮೆಟ್ಟಿಲು ಮೆಟ್ಟಿಲಾಗಿ. ಮೆಟ್ಟಿಲುಗಳ ಪಟ್ಟಿ ಮಾಡುವಾಗ ಮಗುವೂ ಜೊತೆಗಿರಬೇಕು. ಒಂದು ಮೆಟ್ಟಿಲಲ್ಲಿ, 'ಇದನ್ನು ತಡೆದುಕೊಳ್ಳಬಲ್ಲೆ' ಅಂತ ಅನ್ನಿಸಿದ ಮೇಲೆ ಮುಂದಿನದು. ನೇರ ತುದಿಗೆ ಎಸೆದು, ಭಯ ನೆತ್ತಿಗೇರಿದಾಗ ಕೆಳಗಿಳಿಸಿದರೆ ಮಗು ಕಲಿಯುವುದು ಒಂದೇ: ನಾನು ಹೆದರಿದ್ದೇ ಸರಿ.

ನನ್ನ ತಪ್ಪೂ ಕಡಿಮೆ ಇರಲಿಲ್ಲ. ಯಾರಾದರೂ ಅವಳ ಹೆಸರು ಕೇಳಿದರೆ ನಾನೇ ಹೇಳಿಬಿಡುತ್ತಿದ್ದೆ. ಹೊಟ್ಟೆನೋವು ಅಂದ ದಿನ ಮನೆಯಲ್ಲೇ ಇರಿಸಿಕೊಳ್ಳುತ್ತಿದ್ದೆ. ಮೇಲೆ 'ಅದ್ಭುತ, ನಿನ್ನಂಥವರು ಯಾರಿದ್ದಾರೆ' ಅನ್ನುವ ಹೊಗಳಿಕೆ ಬೇರೆ. ಕೀಳರಿಮೆ ಇರುವ ಮಕ್ಕಳು ಇಂಥ ಅತಿ ಹೊಗಳಿಕೆ ಕೇಳಿದ ಮೇಲೆ ಕಷ್ಟದ ಕೆಲಸದಿಂದ ಹಿಂದೆ ಸರಿಯುತ್ತಾರೆ ಎಂದು ಮನಶ್ಶಾಸ್ತ್ರಜ್ಞ ಎಡ್ಡಿ ಬ್ರುಮ್ಮೆಲ್‌ಮನ್ ತಂಡ 2014ರಲ್ಲಿ ತೋರಿಸಿತ್ತು. ಅಷ್ಟು ಎತ್ತರವನ್ನು ಪ್ರತಿ ಸಲ ಮುಟ್ಟಬೇಕಲ್ಲ ಅನ್ನುವ ಹೆದರಿಕೆ. ಈಗ 'ಆ ಚಿತ್ರದ ನೆರಳು ಚೆನ್ನಾಗಿ ಬಂದಿದೆ' ಅಂತಷ್ಟೇ ಹೇಳುತ್ತೇನೆ.

ಗ್ಯಾರಂಟಿ ಕೊಡುವವರನ್ನು, ದಿನ ಎಣಿಸಿ ಹೇಳುವವರನ್ನು, ಮಗುವಿನ ಕಥೆ ಕೇಳದೆಯೇ ಹಣ ಕೇಳುವವರನ್ನು ನಂಬಬೇಡಿ. ಓದಿದ್ದೇನು, ತರಬೇತಿ ಎಲ್ಲಾಯಿತು ಎಂದು ನೇರವಾಗಿ ಕೇಳಿ. ಸಾಯಬೇಕು ಅನ್ನಿಸುತ್ತದೆ ಎಂದು ಮಗು ಹೇಳಿದರಂತೂ ಅದೇ ದಿನ ಡಾಕ್ಟರ್ ಹತ್ತಿರ ಹೋಗಿ.

ಮತ್ತೆ ಸಹಿ ಹಾಕುವ ಮೊದಲು ಫಾರಂ ಪೂರ್ತಿ ಓದಿ. ನಾನು ಓದಿರಲಿಲ್ಲ. ಅವಳು ಅಳುತ್ತಿದ್ದ ವಿಡಿಯೊವನ್ನು ಅವರು 'ಶಿಬಿರಕ್ಕೆ ಮೊದಲು' ಎಂದು ಬರೆದು ಜಾಹೀರಾತಿಗೆ ಹಾಕಿಕೊಂಡಿದ್ದರು. ಅವಳಿಗೆ ಅದನ್ನು ತೋರಿಸಿದ್ದು ಅವಳದೇ ತರಗತಿಯ ಹುಡುಗಿ. ಕೇಳಿದರೆ ನನ್ನ ಸಹಿ ತೋರಿಸಿದರು. ತೆಗೆಸಲು ನಾಲ್ಕು ತಿಂಗಳು ಬೇಕಾಯಿತು.

ಈಗ ಶಾಲೆಗೆ ಹೋಗುತ್ತಿದ್ದಾಳೆ. ಆದರೆ ಯಾರಾದರೂ ಫೋನ್ ಎತ್ತಿ ಹಿಡಿದರೆ ಎದ್ದು ಹೋಗುತ್ತಾಳೆ. ಪಟ್ಟಿಯಲ್ಲಿ ಅದಕ್ಕೂ ಒಂದು ಮೆಟ್ಟಿಲು ಸೇರಿಸಿದ್ದೇವೆ.